ಸುಂಕದ ಸಾಹೇಬರ ಸಮುದ್ರಯಾನ

ಸುಂಕದ ಸಾಹೇಬರು ನಿವೃತ್ತರಾದ ಮೇಲೆ ಅವರ ಮನೆಯವರಿಗೆ ಬಂದ ಕಷ್ಟ ಶತ್ರುವಿಗೂ ಬೇಡ. ಕೆಲಸದಲ್ಲಿದ್ದಷ್ಟು ಕಾಲ ಬಂದರಿನ ಕಟ್ಟೆಯ ಮೇಲೆ ನಿಂತು ಪರಸ್ಥಳದವರ ಪೆಟ್ಟಿಗೆ ಬಿಚ್ಚಿಸುತ್ತಿದ್ದವರು, ಈಗ ಅಡುಗೆಮನೆಯ ಬಾಗಿಲಲ್ಲಿ ನಿಂತು ತಮ್ಮನ ಹೆಂಡತಿಯ ತರಕಾರಿ ಚೀಲ ಬಿಚ್ಚಿಸತೊಡಗಿದರು. ಹಾಲಿನವನ ಕ್ಯಾನಿನೊಳಗೆ ಕಡ್ಡಿ ಇಳಿಸಿ ನೋಡಿದರು. ಪಕ್ಕದ ಮನೆಯವರು ಕೊಟ್ಟ ಹುಟ್ಟುಹಬ್ಬದ ಕೇಕನ್ನು ನಾಲ್ಕೂ ಕಡೆಯಿಂದ ತಟ್ಟಿ ಸದ್ದು ಕೇಳಿದರು. ಮದುವೆಯಾಗುವುದಕ್ಕೆ ಸಾಹೇಬರಿಗೆ ಪುರಸೊತ್ತು ಸಿಕ್ಕಿರಲಿಲ್ಲ. ಆದ್ದರಿಂದ ಈ ತಪಾಸಣೆಯ ಪೂರಾ ಭಾರ ತಮ್ಮನ ಸಂಸಾರದ ಮೇಲೆಯೇ ಬಿತ್ತು.

ತಮ್ಮ ಎಂದರೆ ಹುಡುಗನಲ್ಲ. ಐವತ್ತು ದಾಟಿ, ಮೀಸೆ ಬೆಳ್ಳಗಾಗಿ, ಸ್ನಾನದಮನೆಯ ನಲ್ಲಿಗಳ ವ್ಯಾಪಾರದಲ್ಲಿ ಕೈತುಂಬ ದುಡಿದ ಮನುಷ್ಯ. ಪಟ್ಟಣದ ಅರ್ಧಕ್ಕರ್ಧ ಮನೆಗಳಲ್ಲಿ ನೀರು ಬೀಳುವುದು ಅವನ ನಲ್ಲಿಯಿಂದಲೇ. ಆದರೆ ಅಣ್ಣ ಕೋಣೆಗೆ ಬಂದರೆ ಇವತ್ತಿಗೂ ಕುರ್ಚಿ ಬಿಟ್ಟೇಳುತ್ತಿದ್ದ. ಅಪ್ಪ ಅಮ್ಮ ಬೇಗ ತೀರಿಕೊಂಡು ಅಣ್ಣನ ಕೈಯಲ್ಲೇ ಬೆಳೆದವನು. ಅಣ್ಣ ಹುಬ್ಬು ಗಂಟಿಕ್ಕಿದರೆ ಅವನು ಈಗಲೂ ಆಡುತ್ತಿದ್ದ ಮಾತನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದ. ದುಡ್ಡು ಬಂದ ಮೇಲೆ ಅವನು ತನಗಾಗಿ ಕೊಂಡದ್ದು ಒಂದೇ ಒಂದು: ಹಾಯಿ ಕಟ್ಟಿದ ಒಂದು ಬಿಳಿ ದೋಣಿ. ಗೆಳೆಯರು ಅದನ್ನು ಗೌರವದಿಂದ ಯಾಟ್ ಎನ್ನುತ್ತಿದ್ದರು. ಅವನ ಹೆಂಡತಿ ಮಾತ್ರ “ನಮ್ಮ ತೇಲೋ ಬಚ್ಚಲು” ಎನ್ನುತ್ತಿದ್ದಳು. ಒಳಗೆ ಅಷ್ಟೊಂದು ನಲ್ಲಿಗಳಿದ್ದವು.

ಅಣ್ಣನನ್ನು ಸಮುದ್ರಕ್ಕೆ ಕರೆದುಕೊಂಡು ಹೋಗುವ ಉಪಾಯ ಅವಳದೇ.

“ಅಲ್ಲಿ ನೀರು ಬಿಟ್ರೆ ಏನೂ ಇರಲ್ಲ,” ಎಂದಳು ಗಂಡನಿಗೆ. “ಭಾವ ನೀರನ್ನ ಎಷ್ಟು ಅಂತ ತಪಾಸಣೆ ಮಾಡ್ತಾರೆ? ಮಾಡ್ಲಿ. ನನ್ನ ಡಬ್ಬಿಗಳಿಗಾದ್ರೂ ಸ್ವಲ್ಪ ನೆಮ್ಮದಿ.”

ತಮ್ಮ ಯಾಕೋ ತಲೆ ಕೆರೆದುಕೊಂಡ. ಅವನಿಗೆ ಈ ಉಪಾಯ ಅಷ್ಟಾಗಿ ಹಿಡಿಸಿದಂತೆ ಕಾಣಲಿಲ್ಲ. ಆದರೆ ಹೆಂಡತಿಯ ಮಾತನ್ನೂ ಅಣ್ಣನ ಮಾತನ್ನೂ ತೆಗೆದುಹಾಕಿ ಅವನಿಗೆ ಅಭ್ಯಾಸವಿರಲಿಲ್ಲ.

ದೋಣಿಯಲ್ಲಿ ಸಾಹೇಬರಿಗೆ ರಾಜೋಪಚಾರವೇ ನಡೆಯಿತು. ಇದ್ದುದರಲ್ಲಿ ಅಗಲವಾದ ಕೋಣೆಯನ್ನು ತಮ್ಮ ಅವರಿಗೇ ಬಿಟ್ಟುಕೊಟ್ಟ. ಹಾಸಿಗೆ ಮೆತ್ತಗಿದೆಯೇ ಎಂದು ತಾನೇ ಒತ್ತಿ ನೋಡಿದ. “ಬೇರೆ ಎಲ್ಲೂ ಮಲಗಬೇಡ ಅಣ್ಣ, ಇದೇ ನಿನ್ನ ಜಾಗ,” ಎಂದು ಎರಡೆರಡು ಸಲ ಹೇಳಿದ. ಸಾಹೇಬರ ಕಣ್ಣು ಒಂದಿಷ್ಟು ತೇವವಾಯಿತು. ಸಾಕಿದ್ದು ಸಾರ್ಥಕ ಎನ್ನಿಸಿತು. ಬೆಳಿಗ್ಗೆ ಎದ್ದು ಅವರು ದೋಣಿಯ ಮೇಲ್ಗಡೆ ಹಗ್ಗ ಹಿಡಿದುಕೊಂಡು ನಾಲ್ಕು ಸುತ್ತು ಹಾಕಲು ಹೋದರೆ, ಆ ಹೊತ್ತಿಗೆ ಸರಿಯಾಗಿ ತಮ್ಮ ಬಂದು ಅವರ ಹಾಸಿಗೆ ಕೊಡವಿ, ಹೊದಿಕೆ ಮಡಚಿಡುತ್ತಿದ್ದ. ಇಷ್ಟು ಭಕ್ತಿ ಈ ಕಾಲದಲ್ಲಿ ಯಾರ ತಮ್ಮನಿಗಿದೆ ಎಂದು ಸಾಹೇಬರು ಗಾಳಿಗೆ ಮುಖವೊಡ್ಡಿ ಹೆಮ್ಮೆಪಟ್ಟರು.

ಪರದೇಶದ ಬಂದರು ಕಣ್ಣಿಗೆ ಬಿದ್ದಾಗಲಂತೂ ಅವರ ವಯಸ್ಸು ಹಿಂದಕ್ಕೆ ಸರಿಯಿತು. ಹೀಗೆ ಹೊರಗಿನಿಂದ ಬಂದ ದೋಣಿ ಒಂದು ಹಳದಿ ಬಾವುಟ ಏರಿಸಿಕೊಂಡು ಕಾಯಬೇಕು. ಸುಂಕದವರು ಬಂದು ನೋಡಿ, ಮುದ್ರೆ ಒತ್ತಿ, ಬಾವುಟ ಇಳಿಸಿ ಎನ್ನುವವರೆಗೆ ಯಾರೂ ನೆಲಕ್ಕೆ ಕಾಲಿಡುವಂತಿಲ್ಲ. ಬಾವುಟವನ್ನು ಸಾಹೇಬರೇ ಏರಿಸಿದರು. ಗಂಟು ಸಡಿಲವಾಗಿದೆ ಎಂದು ಇಳಿಸಿ ಮತ್ತೆ ಏರಿಸಿದರು. ಮೊದಲೇ ತರಿಸಿಟ್ಟುಕೊಂಡಿದ್ದ ಸುಂಕದ ಕಾಗದವನ್ನು ಮುತ್ತಿನಂಥ ಅಕ್ಷರದಲ್ಲಿ ತಾವೇ ತುಂಬಿದರು. ಮದ್ಯ: ಇಲ್ಲ. ಪ್ರಾಣಿ: ಇಲ್ಲ. ಗಿಡ, ಬೀಜ: ಇಲ್ಲ. ತಂಬಾಕು: ಇಲ್ಲ. ದೋಣಿಯ ಯಜಮಾನನೆಂದು ತಮ್ಮ ಸಹಿ ಹಾಕಬೇಕಿತ್ತು.

“ಒಂದ್ಸಲ ಓದಿ ನೋಡ್ಲಾ ಅಣ್ಣ?” ಎಂದ ತಮ್ಮ, ಪೆನ್ನು ಹಿಡಿದುಕೊಂಡು.

“ನಾನು ಬರೆದದ್ದನ್ನ ನೀನು ಓದಿ ನೋಡ್ತೀಯಾ?”

ತಮ್ಮ ಸಹಿ ಹಾಕಿದ.

ಅದು ಬಹಳ ದೊಡ್ಡ ಬಂದರೇನಲ್ಲ. ಒಂದು ಕಲ್ಲಿನ ಕಟ್ಟೆ, ಅದಕ್ಕೆ ಒರಗಿ ನಿಂತ ಮೀನುದೋಣಿಗಳು, ಮಂಜುಗಡ್ಡೆಯ ಕಾರ್ಖಾನೆ, ಡೀಸೆಲ್ ಪಂಪು, ಹರಿದ ಬಲೆಗಳ ರಾಶಿ. ಕಟ್ಟೆಯ ಕೊನೆಯಲ್ಲಿ ತಗಡಿನ ಮಾಡಿನ ಒಂದು ಕಟ್ಟಡದಿಂದ ಬಿಳಿ ಸಮವಸ್ತ್ರದ ಅಧಿಕಾರಿಣಿಯೊಬ್ಬರು ಹೊರಟು, ದಾಪುಗಾಲು ಹಾಕುತ್ತ ಬಂದರು. ನಲವತ್ತರ ಆಸುಪಾಸಿನ ಹೆಂಗಸು. ಒಂದು ಕೈಯಲ್ಲಿ ಮುದ್ರೆಯ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ವಾಹನ ಚಾಲನೆಯ ನಿಯಮಗಳ ತೆಳು ಪುಸ್ತಕ, ಬೆರಳು ಹಾಳೆಯ ನಡುವೆ ಇಟ್ಟುಕೊಂಡೇ. ಸಾಹೇಬರು ಅಂಗಿ ಸರಿಮಾಡಿಕೊಂಡು ನೆಟ್ಟಗೆ ನಿಂತರು. ಅಧಿಕಾರಿಣಿಯ ಬೂಟಿಗೆ ಪಾಲಿಶ್ ಇಲ್ಲ ಎಂಬುದನ್ನು ಗಮನಿಸಿ ಮನಸ್ಸಿನಲ್ಲೇ ಬರೆದುಕೊಂಡರು.

ಅಧಿಕಾರಿಣಿ ಒಳಗೆ ಇಳಿದವರೇ ಕಾಗದದ ಮೇಲೆ ಕಣ್ಣಾಡಿಸಿದರು.

“ಎಲ್ಲಾ ಇಲ್ಲ, ಇಲ್ಲ, ಇಲ್ಲ. ತುಂಬಾ ಒಳ್ಳೇದು. ಅಕ್ಷರ ಎಷ್ಟು ಚೆನ್ನಾಗಿದೆ! ಎಲ್ಲಿ ಮುದ್ರೆ ಒತ್ಲಿ?”

“ಅಷ್ಟೇನಾ?” ಎಂದರು ಸಾಹೇಬರು.

“ಅಷ್ಟೇ. ನನಗೂ ಸ್ವಲ್ಪ ಅವಸರ. ಮಧ್ಯಾಹ್ನ ಕಾರಿನ ಲೈಸೆನ್ಸ್ ಪರೀಕ್ಷೆ ಇದೆ. ಹಿಂದೆ ಎಷ್ಟು ಸಲ ಹೋಗಿದ್ದೆ ಅಂತ ಮಾತ್ರ ಕೇಳ್ಬೇಡಿ.”

ಬೇರೆ ಯಾರಾದರೂ ಆಗಿದ್ದರೆ ದೇವರು ದೊಡ್ಡವನು ಎಂದು ಬಾಯಿ ಮುಚ್ಚಿಕೊಂಡಿರುತ್ತಿದ್ದರು. ತಮ್ಮ ಹಾಗೆಯೇ ಅಂದುಕೊಂಡು ಮುದ್ರೆಗೆ ಜಾಗ ತೋರಿಸಲು ಬೆರಳು ಚಾಚಿಯೂ ಆಗಿತ್ತು. ಆದರೆ ಸಾಹೇಬರಿಗೆ ತಡೆಯಲಾಗಲಿಲ್ಲ. ಊಟಕ್ಕೆ ಕೂತ ಅಡುಗೆಭಟ್ಟನಿಗೆ ಬೇರೊಬ್ಬನ ಸಾರಿನಲ್ಲಿ ಉಪ್ಪಿಲ್ಲದಿದ್ದರೆ ಕೈ ಹೇಗೆ ತುರಿಸುತ್ತದೋ ಹಾಗೆ ಅವರ ಕೈ ತುರಿಸಿತು.

“ಮೇಡಂ, ತಪ್ಪು ತಿಳ್ಕೋಬೇಡಿ. ನಾನೂ ಇದೇ ಇಲಾಖೆಯವನು. ನಮ್ಮ ಕಡೆ ಬಂದರಿನಲ್ಲಿ ಇಡೀ ಜನ್ಮ ಸವೆಸಿದ್ದೀನಿ. ನೀವು ಒಂದು ಬಾಗಿಲೂ ತೆಗೆಸಿ ನೋಡ್ಲಿಲ್ಲ.”

“ಅಯ್ಯೋ, ನಮ್ಮವರೇ ಅನ್ನಿ!” ಅಧಿಕಾರಿಣಿಯ ಮುಖ ಅರಳಿತು. “ಹಾಗಾದ್ರೆ ನೋಡೋದೇನಿದೆ ಸಾರ್?”

“ಹಾಗನ್ನಬಾರದು. ನಮ್ಮವರು ಅಂದ್ರೆ ಇನ್ನೂ ಜಾಸ್ತಿ ನೋಡ್ಬೇಕು. ಹಾಯಿದೋಣಿ ಅಂದ್ರೆ ಏನಂದುಕೊಂಡ್ರಿ? ಬಚ್ಚಿಡೋದಕ್ಕೆ ಅಂತಲೇ ದೇವರು ಮಾಡಿದ ವಸ್ತು.”

“ಅಣ್ಣ,” ಎಂದ ತಮ್ಮ ಮೆಲ್ಲಗೆ, “ಮೇಡಂಗೆ ಪರೀಕ್ಷೆಗೆ ಹೊತ್ತಾಗುತ್ತೆ.”

“ನೀನು ಸುಮ್ನಿರು.”

ಅಧಿಕಾರಿಣಿ ಪುಸ್ತಕ ಮುಚ್ಚಿದರು. ಆ ಬಂದರಿಗೆ ಹೊರದೇಶದ ದೋಣಿಗಳು ಬರುವುದೇ ಅಪರೂಪ. ತಿಳಿದವರು ಕಲಿಸುತ್ತೇನೆಂದು ತಾವಾಗಿ ಬರುವುದು ಇನ್ನೂ ಅಪರೂಪ. ಅವರಿಗೂ ಕುತೂಹಲ ಹುಟ್ಟಿತು. “ಎಲ್ಲಿ ಬಚ್ಚಿಡ್ತಾರೆ ಸಾರ್? ಸ್ವಲ್ಪ ತೋರಿಸಿ.”

ಅದಕ್ಕಿಂತ ಹೆಚ್ಚಿನ ಸುಖ ಸಾಹೇಬರಿಗೆ ಈಚಿನ ದಿನಗಳಲ್ಲಿ ಸಿಕ್ಕಿರಲಿಲ್ಲ. ಅವರು ಅಂಗಿಯ ತೋಳು ಮಡಚಿದರು. ಒಲೆಯ ಹಿಂದಿನ ಸಂದಿ ತೋರಿಸಿದರು. ಅಲ್ಲಿ ಒಂದು ಚಮಚ ಸಿಕ್ಕಿತು, ತಮ್ಮನ ಹೆಂಡತಿ ಕಳೆದುಹೋಯಿತೆಂದುಕೊಂಡಿದ್ದು. ನೆಲದ ಹಲಗೆ ಎತ್ತಿ ತೋರಿಸಿದರು. ಅಲ್ಲಿ ಕೊಳಕು ನೀರಿತ್ತು. ಒಂದೊಂದು ಜಾಗಕ್ಕೂ ಒಂದೊಂದು ಕಥೆ: ಇಲ್ಲಿ ಒಬ್ಬ ಗಡಿಯಾರ ಇಟ್ಟಿದ್ದ, ಇಲ್ಲಿ ಇನ್ನೊಬ್ಬ ಹೆಂಡದ ಬಾಟಲಿಗೆ ಮಗುವಿನ ಸ್ವೆಟರ್ ತೊಡಿಸಿ ಮಲಗಿಸಿದ್ದ. ಒಬ್ಬಳು ಮುದುಕಿ ಸುಗಂಧದ ಸೀಸೆಗಳನ್ನು ಸೊಸೆಯ ಕಣ್ಣಿಗೆ ಬೀಳದಿರಲಿ ಎಂದು ಬಚ್ಚಿಟ್ಟೆ, ಸರ್ಕಾರಕ್ಕೆ ಮೋಸ ಮಾಡಲಿಕ್ಕಲ್ಲ ಎಂದು ಗೋಳಾಡಿದ್ದಳು.

“ನೀವು ನಂಬಿದ್ರಾ?” ಎಂದರು ಅಧಿಕಾರಿಣಿ.

“ನಂಬೋದಾ? ಬಚ್ಚಿಟ್ಟ ಮೇಲೆ ಮುಗೀತು. ಯಾರಿಗೆ ಬಚ್ಚಿಟ್ರೂ ಸುಂಕಕ್ಕೇ ಬಚ್ಚಿಟ್ಟಂತೆ.”

ತಮ್ಮ ಆ ಹೊತ್ತಿಗಾಗಲೇ ಅಣ್ಣನ ಕೋಣೆಯ ಬಾಗಿಲ ಹತ್ತಿರಕ್ಕೆ ಸರಿದಿದ್ದ. ಅವನ ಹೆಂಡತಿ ಮೆಟ್ಟಿಲ ಮೇಲೆ ಕೂತು ಗಂಡನ ಮುಖವನ್ನು ನೋಡಿದಳು, ಭಾವನ ಬೆನ್ನನ್ನು ನೋಡಿದಳು, ಸಿಕ್ಕ ಚಮಚವನ್ನು ಸೆರಗಿನಿಂದ ಒರೆಸತೊಡಗಿದಳು.

“ಈಗ ಕೊನೇ ಜಾಗ. ಇದು ಎಂಥೆಂಥವರಿಗೂ ಹೊಳೆಯಲ್ಲ,” ಎಂದು ಸಾಹೇಬರು ತಮ್ಮದೇ ಕೋಣೆಗೆ ನುಗ್ಗಿದರು. ತಾವು ಮಲಗುತ್ತಿದ್ದ ಹಾಸಿಗೆಯನ್ನು ಸುರುಳಿ ಸುತ್ತಿ, ಅಡಿಯ ಹಲಗೆ ತೆಗೆದರು. ಒಳಗೆ ನೀರಿನ ಟ್ಯಾಂಕು ಕಂಡಿತು. “ಎಲ್ರೂ ಇಲ್ಲಿಗೆ ನಿಲ್ಲಿಸ್ತಾರೆ. ಟ್ಯಾಂಕು ಅಂತ ಬಿಟ್ಟುಬಿಡ್ತಾರೆ. ಆದ್ರೆ ಟ್ಯಾಂಕಿನ ಹಿಂದೆ ಒಂದು ಸಂದಿ ಇರುತ್ತೆ. ಕೈಯನ್ನ ಹೀಗೆ ತಿರುಗಿಸಿ, ಮೊಣಕೈ ಮಡಚಿ, ಹೀಗೆ ಒಳಗೆ…”

ಅವರು ನೆಲಕ್ಕೆ ಕೆನ್ನೆಯೊತ್ತಿ ಕೈ ತೂರಿಸಿದರು. ಬೆರಳಿಗೆ ರಟ್ಟು ತಗುಲಿತು. ನುಣುಪಾದ, ಮೂಲೆಗಳು ಚೂಪಾದ, ತೆಳುಹಾಳೆ ಸುತ್ತಿದ ರಟ್ಟು. ಅದು ಏನೆಂದು ಆ ಬೆರಳುಗಳಿಗೆ ಕ್ಷಣದಲ್ಲಿ ಗೊತ್ತಾಯಿತು. ಬುದ್ಧಿಗೆ ಗೊತ್ತಾಗಲು ಇನ್ನೊಂದು ಕ್ಷಣ ಬೇಕಾಗಿತ್ತು. ಆ ಒಂದು ಕ್ಷಣ ಸಿಕ್ಕಿದ್ದರೆ ಅವರು ಕೈ ಹಿಂದಕ್ಕೆಳೆದುಕೊಂಡು “ಏನೂ ಇಲ್ಲ, ಧೂಳು” ಎನ್ನುತ್ತಿದ್ದರೋ ಏನೋ, ಹೇಳಬರುವುದಿಲ್ಲ. ಅಷ್ಟರಲ್ಲಿ ಇಡೀ ಜನ್ಮದ ಅಭ್ಯಾಸ ಬಾಯಿಗೆ ಬಂದುಬಿಟ್ಟಿತ್ತು.

“ಸಿಕ್ತು!” ಎಂದು ಸಾಹೇಬರು ಕೂಗಿದರು. ಕೂಗಿ, ಸಿಗರೇಟಿನ ಉದ್ದನೆಯ ಪೊಟ್ಟಣವೊಂದನ್ನು ಎಳೆದು ತಲೆಯ ಮೇಲಕ್ಕೆ ಎತ್ತಿ ಹಿಡಿದರು. ಅದರ ಹಿಂದೆ ಇನ್ನೂ ಇದ್ದವು. ಒಂದರ ಬಾಯಿ ಹರಿದು ಅರ್ಧ ಖಾಲಿಯಾಗಿತ್ತು.

ಹೊರಗೆ ಮೀನುದೋಣಿಯೊಂದರ ಎಂಜಿನ್ ಪಟಪಟ ಎನ್ನುತ್ತ ದೂರವಾಯಿತು. ಸಾಹೇಬರು ಎತ್ತಿದ ಕೈಯನ್ನು ನಿಧಾನವಾಗಿ ಇಳಿಸಿದರು. ದಿನವೂ ಬೆಳಿಗ್ಗೆ ಈ ಹಾಸಿಗೆ ಕೊಡವುತ್ತಿದ್ದ ಭಕ್ತಿಯ ಅರ್ಥ ಅವರಿಗೆ ಆಗ ಆಯಿತು. ಇಡೀ ದೋಣಿಯಲ್ಲಿ ಅಣ್ಣ ತಪಾಸಣೆ ಮಾಡದ ಜಾಗವೆಂದರೆ ಅಣ್ಣನ ಅಡಿಯೇ ಎಂದು ತಮ್ಮ ಲೆಕ್ಕ ಹಾಕಿದ್ದ. ಲೆಕ್ಕ ತಪ್ಪಿರಲಿಲ್ಲ. ಹಾಯಿಗಾಳಿಗೆ ತೂಗುತ್ತ ಅಷ್ಟು ದಿನ ಅವರು ಸುಖವಾಗಿ ನಿದ್ದೆ ಹೊಡೆದದ್ದು ಕಳ್ಳಮಾಲಿನ ಮೇಲೆ.

“ಈ ಕಾಗದದಲ್ಲಿ,” ಎಂದರು ಅಧಿಕಾರಿಣಿ, ದನಿ ಬದಲಾಗಿ, “ತಂಬಾಕು ಇಲ್ಲ ಅಂತಿದೆ. ಯಾರು ಬರೆದದ್ದು?”

“ನಾನು,” ಎಂದರು ಸಾಹೇಬರು.

“ಕೇಳಿ ಬರೆದ್ರಾ?”

“ಕೇಳೋದೇನು ಬಂತು? ನನ್ನ ತಮ್ಮ ಸೇದಲ್ಲ.” ಹೇಳುತ್ತ ಹೇಳುತ್ತ ಅವರು ತಮ್ಮನ ಕಡೆ ತಿರುಗಿದರು. ತಮ್ಮ ಇಂಗು ತಿಂದ ಮಂಗನ ಹಾಗೆ ನಿಂತಿದ್ದ.

“ಬರೆದು ಹೇಳಿದ್ರೆ ಇಷ್ಟರಲ್ಲಿ ಮುಕ್ಕಾಲು ಪಾಲು ಸುಮ್ನೆ ಬಿಡ್ತಿದ್ದೆ,” ಎಂದು ಅಧಿಕಾರಿಣಿ ನಿಟ್ಟುಸಿರು ಬಿಟ್ಟರು. “ಈಗ ಬಚ್ಚಿಟ್ಟಿದ್ದು, ಸುಳ್ಳು ಬರೆದದ್ದು ಎರಡೂ ಆಯ್ತು. ದೋಣೀನ ತಡೆಹಿಡೀಬೇಕಾಗುತ್ತೆ. ಆಫೀಸಿಗೆ ಬನ್ನಿ. ನಾನೇನೋ ನೋಡದೆ ಹೋಗ್ತಿದ್ದೆ ಸಾರ್. ನೀವೇ…”

ಆಫೀಸು ಎಂದರೆ ಒಂದೇ ಕೋಣೆ. ಮೇಲೆ ಕರಕರ ಎನ್ನುವ ಫ್ಯಾನು, ಅಂಚು ಮುಕ್ಕಾದ ಮೇಜು, ಮೂಲೆಯಲ್ಲಿ ಜಪ್ತಿ ಮಾಡಿದ ಸಾಮಾನಿನ ರಾಶಿ: ತಂತಿ ಹರಿದ ಒಂದು ಗಿಟಾರು, ಗಾಳಿ ಇಳಿದ ರಬ್ಬರ್ ದೋಣಿ, ಒಂದು ಕಳ್ಳಿಗಿಡ. ಕಳ್ಳಿಗೆ ಯಾರೋ ನೀರು ಹಾಕಿ ಚೆನ್ನಾಗಿಯೇ ನೋಡಿಕೊಂಡಿದ್ದರು. ಮೇಜಿನ ಈಚೆ ಒಂದು ಕುಳ್ಳು ಬೆಂಚು. ಸಾಹೇಬರು ಅದರ ಮೇಲೆ ಕೂತ ತಕ್ಷಣ ಅವರ ಗಲ್ಲ ಮೇಜಿನ ಮಟ್ಟಕ್ಕೆ ಬಂತು. ತಾವು ಕೆಲಸದಲ್ಲಿದ್ದ ಆಫೀಸಿನಲ್ಲೂ ಅವರು ಬಡಗಿಯನ್ನು ಕರೆಸಿ ಬೆಂಚಿನ ಕಾಲು ಕೊಯ್ಯಿಸಿದ್ದರು. ಎದುರು ಕೂತವರು ತಲೆಯೆತ್ತಿ ಮಾತಾಡಿದರೆ ಸತ್ಯ ಬೇಗ ಹೊರಬರುತ್ತದೆ ಎಂಬುದು ಅವರ ಅನುಭವ. ಕುತ್ತಿಗೆ ಇಷ್ಟು ನೋಯುತ್ತದೆ ಎಂದು ಮಾತ್ರ ಗೊತ್ತಿರಲಿಲ್ಲ.

ಅಧಿಕಾರಿಣಿ ಕಂಪ್ಯೂಟರು ಹಚ್ಚಿದರು. ಅದು ಎಚ್ಚರಗೊಳ್ಳಲು ಬಹಳ ಹೊತ್ತು ತೆಗೆದುಕೊಂಡಿತು.

“ಯಜಮಾನರು ಮೊದಲು ಹೇಳಿ. ಯಾಕೆ ಬಚ್ಚಿಟ್ರಿ?”

ತಮ್ಮ ಬೆಂಚಿನ ಮೇಲೆ ಕೂರಲೇ ಇಲ್ಲ. “ಮೇಡಂ, ನಾನು ನಿಮಗೆ ಬಚ್ಚಿಟ್ಟಿದ್ದಲ್ಲ,” ಎಂದ. “ಅಣ್ಣನಿಗೆ ಬಚ್ಚಿಟ್ಟಿದ್ದು. ಕಾಲೇಜು ದಿನದಿಂದಲೂ ಹೀಗೇ ನಡೆದುಬಂದಿದೆ. ಮನೇಲಿ ನೀರಿನ ಪಂಪಿನ ಪೆಟ್ಟಿಗೆಯೊಳಗೆ ಇಡ್ತೀನಿ. ಅಂಗಡೀಲಿ ಕೊಳವೆ ಸಾಮಾನಿನ ನಡುವೆ. ಅಣ್ಣನಿಗೆ ಬಚ್ಚಿಡೋದು ಅಪರಾಧ ಅಂತ ಎಲ್ಲಾದ್ರೂ ಕಾನೂನಿದೆಯಾ?”

“ಇವರು ಸುಂಕದ ಅಧಿಕಾರಿ ಅಲ್ವಾ?”

“ನಿವೃತ್ತ,” ಎಂದ ತಮ್ಮ.

ಅಧಿಕಾರಿಣಿ ತುಟಿ ಕಚ್ಚಿಕೊಂಡು ನಗು ತಡೆದರು. ತಮ್ಮನ ಹೆಂಡತಿ ತಡೆಯಲಿಲ್ಲ.

“ನಿನಗೆ ಗೊತ್ತಿತ್ತಾ?” ಎಂದು ಸಾಹೇಬರು ಅವಳನ್ನು ಕೇಳಿದರು.

“ಅಂಗಿ ಒಗೆಯೋಳು ನಾನಲ್ವಾ ಭಾವ? ಮದುವೆಯಾದ ವಾರಕ್ಕೇ ಗೊತ್ತಾಯ್ತು.”

“ಮತ್ತೆ ನನಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಮನೇಲಿ ಊಟ ಸೇರ್ತಿತ್ತಾ ಯಾರಿಗಾದ್ರೂ?”

“ಒಬ್ಬೊಬ್ಬರೇ ಮಾತಾಡಿ,” ಎಂದರು ಅಧಿಕಾರಿಣಿ, ಎರಡೇ ಬೆರಳಲ್ಲಿ ಟೈಪು ಮಾಡುತ್ತ. “ಸಾರ್, ನೀವು ಹೇಳಿ. ತಮ್ಮ ಸೇದ್ತಾರೆ ಅಂತ ಗೊತ್ತಾಗಿದ್ರೆ ಏನ್ ಮಾಡ್ತಿದ್ರಿ?”

“ಬುದ್ಧಿ ಹೇಳ್ತಿದ್ದೆ.”

ತಮ್ಮನ ಹೆಂಡತಿ ಗಂಟಲಲ್ಲೇ ‘ಹುಂ’ ಎಂದು ಒಂದು ಸದ್ದು ಮಾಡಿದಳು.

“ಏನಮ್ಮ?”

“ಬುದ್ಧಿ ಹೇಳೋದು ಅಂದ್ರೆ ನಮ್ಮ ಭಾವನ ಭಾಷೇಲಿ ಮಾತು ಬಿಡೋದು ಮೇಡಂ. ಇವರು ಬ್ಯಾಂಕಿನ ನೌಕರಿ ಬಿಟ್ಟು ನಲ್ಲಿ ಅಂಗಡಿ ಇಟ್ರು ಅಂತ ಭಾವ ಒಂದ್ಸಲ ಮಾತು ಬಿಟ್ರು. ಒಂದೇ ಮನೆ, ಒಂದೇ ಊಟದ ಮೇಜು. ‘ನಿನ್ನ ಗಂಡನಿಗೆ ಉಪ್ಪು ಈಕಡೆ ತಳ್ಳೋಕೆ ಹೇಳಮ್ಮ’ ಅನ್ನೋರು. ಇವರು ಪಕ್ಕದಲ್ಲೇ ಕೂತಿರೋರು. ನಾನು ‘ಉಪ್ಪು ತಳ್ಬೇಕಂತೆ’ ಅನ್ನೋದು, ಇವರು ತಳ್ಳೋದು. ನನ್ನ ಮಗಳು ಹುಟ್ಟಿ ತೊದಲು ಮಾತು ಆಡೋ ತನಕ ನಾನು ಟೆಲಿಫೋನಾಗಿದ್ದೆ.”

“ಉಪ್ಪಿನ ವಿಷಯ ಬರೀಲಾ?” ಎಂದು ಅಧಿಕಾರಿಣಿ ಗಂಭೀರವಾಗಿ ಕೇಳಿದರು.

“ಬೇಡ,” ಎಂದರು ಸಾಹೇಬರು.

“ಬರ್ಕೊಳ್ಳಿ,” ಎಂದಳು ತಮ್ಮನ ಹೆಂಡತಿ.

ಬರೆದುಕೊಂಡರು.

ಸಾಹೇಬರಿಗೆ ಮೈಯೆಲ್ಲ ಉರಿದುಹೋಯಿತು. ಮನೆಯ ಮಾತು, ಮನೆಯೊಳಗಿನ ಮಾತು, ಪರದೇಶದ ಕಂಪ್ಯೂಟರಿನೊಳಗೆ ಹೋಗಿ ಕೂರುತ್ತಿದೆ. ಆದರೆ ಅವರಿಗೆ ಸಿಟ್ಟಿಗಿಂತ ಹೆಚ್ಚಾಗಿ ಬಂದದ್ದು ಆಶ್ಚರ್ಯ. ಆ ದಿನಗಳು ಅವರಿಗೂ ನೆನಪಿದ್ದವು. ಆದರೆ ಅವರ ನೆನಪಿನಲ್ಲಿ ಮಾತು ಬಿಟ್ಟವನು ತಮ್ಮ.

ಅಧಿಕಾರಿಣಿ ಟೈಪು ಮಾಡುವುದನ್ನು ನಿಲ್ಲಿಸಿದರು. ಗೋಡೆಯ ಗಡಿಯಾರ ನೋಡಿದರು. ಮೇಜಿನ ಮೇಲೆ ಮುಂದಕ್ಕೆ ಬಾಗಿದರು.

“ಸಾರ್, ಈಗ ನಾನು ನಿಮ್ಮನ್ನ ಒಬ್ಬ ಹಿರಿಯ ಅಧಿಕಾರಿ ಅಂತ ಕೇಳ್ತೀನಿ. ಕಾನೂನಿನಲ್ಲಿ ಉದ್ದೇಶ ಮುಖ್ಯ. ಸರ್ಕಾರಕ್ಕೆ ಮೋಸ ಮಾಡೋಕೆ ಬಚ್ಚಿಟ್ಟಿದ್ರೆ ದೋಣಿ ತಡೀಬೇಕು, ದೊಡ್ಡ ಕೇಸು. ಮನೆಯವರಿಗೆ ಹೆದರಿ ಬಚ್ಚಿಟ್ಟಿದ್ರೆ ಒಂದು ಎಚ್ಚರಿಕೆ ಸಾಕು. ನೀವು ನನ್ನ ಕುರ್ಚೀಲಿ ಕೂತಿದ್ರೆ, ಈ ಕಥೆ ನಂಬ್ತಿದ್ರಾ?”

ನಂಬುತ್ತಿರಲಿಲ್ಲ. ಅದರಲ್ಲಿ ಎರಡು ಮಾತೇ ಇರಲಿಲ್ಲ. ಗೋಳಾಡಿದ ಮುದುಕಿಯನ್ನು ನಂಬದವರು ನಲ್ಲಿ ವ್ಯಾಪಾರಿಯನ್ನು ನಂಬುವುದುಂಟೇ? ‘ಇಲ್ಲ’ ಎಂಬ ಮಾತು ಸಾಹೇಬರ ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಅವರ ಕಣ್ಣು ತಮ್ಮನ ಮೇಲೆ ಬಿತ್ತು. ಅವನು ಗೋಡೆಗೆ ಒರಗಿರಲಿಲ್ಲ, ಕೂತಿರಲಿಲ್ಲ. ಎರಡೂ ಕೈ ಹಿಂದೆ ಕಟ್ಟಿಕೊಂಡು, ಕಾಲ ಹೆಬ್ಬೆರಳಿನಿಂದ ನೆಲ ಒತ್ತುತ್ತ, ಅಂಕಪಟ್ಟಿ ತಂದ ದಿನ ನಿಲ್ಲುತ್ತಿದ್ದ ಹಾಗೆಯೇ ನಿಂತಿದ್ದ. ಅವನು ನೋಡುತ್ತಿದ್ದದ್ದು ಅಧಿಕಾರಿಣಿಯನ್ನಲ್ಲ. ದೋಣಿ ಹೋಗುವುದರಲ್ಲಿತ್ತು, ಮರ್ಯಾದೆ ಹೋಗುವುದರಲ್ಲಿತ್ತು. ಆದರೆ ಅವನ ಕಣ್ಣು ಇದ್ದದ್ದು ಅಣ್ಣನ ಹುಬ್ಬಿನ ಮೇಲೆ.

“ನಂಬಬಹುದು,” ಎಂದರು ಸಾಹೇಬರು. ದನಿ ಅವರದೇ ಎಂದು ಅವರಿಗೇ ಅನ್ನಿಸಲಿಲ್ಲ. “ಸಾಕ್ಷಿ ಬೇಕಾದ್ರೆ ಅವನು ನಿಂತಿರೋ ರೀತಿ ನೋಡಿ.”

ಅಧಿಕಾರಿಣಿ ನೋಡಿದರು. ತಲೆಯಾಡಿಸಿದರು. ಒಂದು ಬಿಳಿ ಹಾಳೆ ಮುಂದಕ್ಕೆ ತಳ್ಳಿದರು. “ಇದನ್ನೇ ನಿಮ್ಮ ಕೈಯಲ್ಲಿ ಬರೆದುಕೊಡಿ.”

ಸಾಹೇಬರು ಬರೆದರು. ಕುಳ್ಳು ಬೆಂಚಿನಿಂದ ಎದ್ದು, ನಿಂತುಕೊಂಡೇ, ಮೇಜಿಗೆ ಬಾಗಿ ಬರೆದರು. ಇಲಾಖೆಯ ಭಾಷೆ ಅವರಿಗೆ ನೀರು ಕುಡಿದಷ್ಟು ಸುಲಭ. ‘ಸದರಿ ನನ್ನ ಕಿರಿಯ ಸಹೋದರನು ನನ್ನ ಮೇಲಿರುವ ಅಪಾರವಾದ ಗೌರವದ ಕಾರಣದಿಂದ ಸದರಿ ಸಿಗರೇಟುಗಳನ್ನು ನನ್ನ ಹಾಸಿಗೆಯ ಕೆಳಗೆ ಇರಿಸಿದ್ದು…’

ಅಧಿಕಾರಿಣಿ ಓದಿ, ಬೆರಳಿಟ್ಟು ತೋರಿಸಿದರು. “ಇಲ್ಲಿ ಗೌರವ ಅಂತ ಹಾಕಿದ್ದೀರಿ.”

“ಹೌದು.”

“ಗೌರವಕ್ಕೆ ಯಾರೂ ನೀರಿನ ಟ್ಯಾಂಕಿನ ಹಿಂದೆ ಇಡಲ್ಲ ಸಾರ್. ಮೇಲಿನವರು ಓದಿದ್ರೆ ನನ್ನನ್ನ ಕೇಳ್ತಾರೆ. ಭಯ ಅಂತ ಬರೀರಿ.”

ಫ್ಯಾನು ಕರಕರ ಎಂದಿತು. ಸಾಹೇಬರು ತಮ್ಮನ ಕಡೆ ನೋಡಿದರು. ಅಲ್ಲ, ಗೌರವವೇ ಅಣ್ಣ ಎಂದು ಅವನಾದರೂ ಹೇಳಬಹುದೆಂದು ಕಾದರು. ಅವನು ಕಿಟಕಿಯಾಚೆ ಸಮುದ್ರ ನೋಡುತ್ತಿದ್ದ. ತಮ್ಮನ ಹೆಂಡತಿ ಕಳ್ಳಿಗಿಡ ನೋಡುತ್ತಿದ್ದಳು. ಸಾಹೇಬರು ‘ಗೌರವ’ವನ್ನು ಒಂದೇ ಗೆರೆಯಲ್ಲಿ ಹೊಡೆದುಹಾಕಿ ಮೇಲೆ ‘ಭಯ’ ಎಂದು ಬರೆದರು. ತಿದ್ದಿದ ಜಾಗದಲ್ಲಿ ಚಿಕ್ಕ ಸಹಿ ಹಾಕಬೇಕೆಂಬ ನಿಯಮವನ್ನು ಯಾರೂ ನೆನಪಿಸಬೇಕಾಗಿರಲಿಲ್ಲ. ಅದನ್ನೂ ಹಾಕಿದರು. ‘ಅಪಾರವಾದ’ ಎಂಬುದು ಹಾಗೆಯೇ ಉಳಿಯಿತು. ಅದನ್ನು ತೆಗೆಯುವುದಕ್ಕೆ ಕೈ ಬರಲಿಲ್ಲ, ತೆಗೆದರೆ ಸುಳ್ಳಾಗುತ್ತದೆಯೇನೋ ಎಂಬ ಅನುಮಾನ ಬೇರೆ.

ಆಮೇಲೆ ಎಲ್ಲ ಸಲೀಸಾಗಿ ನಡೆಯಿತು. ಮುದ್ರೆಗಳು ಠಪ್ ಠಪ್ ಎಂದು ಬಿದ್ದವು. ನಿಯಮದಲ್ಲಿ ಬಿಡುವಷ್ಟನ್ನು ತಮ್ಮನಿಗೆ ಕೊಟ್ಟು, ಉಳಿದದ್ದನ್ನು ಅಧಿಕಾರಿಣಿ ಗಿಟಾರಿನ ಪಕ್ಕಕ್ಕೆ ಸೇರಿಸಿದರು. ಹೊಸದಾಗಿ ತುಂಬಿದ ಸುಂಕದ ಕಾಗದದಲ್ಲಿ ತಂಬಾಕಿನ ಎದುರು ‘ಇದೆ’ ಎಂದು ಈ ಸಲ ತಮ್ಮನೇ ಬರೆದ. ಅಕ್ಷರ ಕಾಗೆಕಾಲು, ಆದರೂ ಬರೆದ ಮೇಲೆ ಅದನ್ನು ಒಮ್ಮೆ ದೂರ ಹಿಡಿದು ನೋಡಿಕೊಂಡ.

“ಸಾರ್, ಆ ಮೊಣಕೈ ಮಡಚೋದು ಮಾತ್ರ ನಾನು ಮರೆಯಲ್ಲ,” ಎಂದು ಅಧಿಕಾರಿಣಿ ಬಾಗಿಲಿಗೆ ಬೀಗ ಹಾಕುತ್ತ ಹೇಳಿದರು. “ನನ್ನ ಪರೀಕ್ಷೆಗೆ ಒಳ್ಳೇದಾಗ್ಲಿ ಅನ್ನಿ.”

“ಒಳ್ಳೇದಾಗ್ಲಿ,” ಎಂದರು ಸಾಹೇಬರು. ಆ ಹೆಂಗಸು ಫೇಲಾಗಲಿ ಎಂದು ಒಳಗೊಳಗೇ ಅಂದುಕೊಳ್ಳಲು ನೋಡಿದರು, ಅದೂ ಬರಲಿಲ್ಲ.

ತಮ್ಮ ಓಡಿಹೋಗಿ ಹಳದಿ ಬಾವುಟ ಇಳಿಸಿ ಬಂದ. ಮೂವರೂ ಕಟ್ಟೆಯ ಮೇಲೆ ಪಟ್ಟಣದ ಕಡೆಗೆ ಹೆಜ್ಜೆ ಹಾಕಿದರು. ನೆಲಕ್ಕೆ ಬಂದು ಎಷ್ಟೋ ಹೊತ್ತಾಗಿದ್ದರೂ ಸಾಹೇಬರಿಗೆ ಅಡಿಯ ಕಲ್ಲು ಇನ್ನೂ ತೂಗುತ್ತಿರುವ ಹಾಗೆ ಅನ್ನಿಸಿತು. ತಮ್ಮನ ಹೆಂಡತಿ ಮುಂದೆ ಮುಂದೆ ನಡೆದು, ಬಟ್ಟೆ ಒಗೆಸುವ ಅಂಗಡಿ ಎಲ್ಲಿದೆ ಎಂದು ಮೀನು ಆರಿಸುವ ಹೆಂಗಸರನ್ನು ಕೇಳುತ್ತಿದ್ದಳು. ಅಣ್ಣತಮ್ಮಂದಿರು ಬಲೆಯ ರಾಶಿಯ ಹತ್ತಿರ ನಿಂತರು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಸಾಹೇಬರಿಗೆ ಉಪ್ಪಿನ ಮಾತು ನೆನಪಾಯಿತು. ಮಾತು ಬಿಡುವುದು ಅಂದರೆ ಹೀಗೇ ಶುರುವಾಗುತ್ತದೆಯೇನೋ, ತನಗೇ ಗೊತ್ತಾಗದ ಹಾಗೆ.

“ಜೇಬಲ್ಲಿದೆಯಲ್ಲ,” ಎಂದರು ಗಡಿಬಿಡಿಯಲ್ಲಿ. “ಬೇಕಾದ್ರೆ ಸೇದು.”

“ಬೇಡ ಅಣ್ಣ. ಇವತ್ತಿಂದ ಬಿಟ್ಟುಬಿಟ್ಟೆ.”

“ಸುಳ್ಳು ಹೇಳ್ಬೇಡ.”

ತಮ್ಮ ಒಂದು ಸಿಗರೇಟು ತೆಗೆದು ತುಟಿಗಿಟ್ಟ. ಕಡ್ಡಿ ಗೀರಿದ. ಅಣ್ಣನ ಮುಖ ನೋಡಿದ. ಕಡ್ಡಿ ಬೆರಳಿನವರೆಗೂ ಉರಿದು ಆರಿತು. ಇನ್ನೊಂದು ಗೀರಿದ, ಅದೂ ಹಾಗೆಯೇ ಆರಿತು. ಸಾಹೇಬರು ಗಂಟಲು ಸರಿಮಾಡಿಕೊಂಡು, ನೋಟವನ್ನು ಆದಷ್ಟು ಮೃದುವಾಗಿ ಇಟ್ಟುಕೊಳ್ಳಲು ಹೆಣಗಿದರು. ಅದರಿಂದ ತಮ್ಮನಿಗೆ ಇನ್ನೂ ಗಾಬರಿಯಾಯಿತು.

“ಆಗ್ತಾ ಇಲ್ಲ ಅಣ್ಣ,” ಎಂದ. “ನೀನು ಹೀಗೆ ನೋಡ್ತಾ ಇದ್ರೆ ಹೊಗೆ ಒಳಕ್ಕೇ ಹೋಗಲ್ಲ. ನಾನು ಸ್ವಲ್ಪ… ಆ ಬಲೆಗಳ ಹಿಂದೆ ಹೋಗಿ ಬರ್ತೀನಿ.”

“ಹೋಗು.”

ಅವನು ಹೋದ. ಬೆಳ್ಳಗಾದ ತಲೆ ಬಲೆಯ ರಾಶಿಯ ಹಿಂದೆ ಬಗ್ಗಿ ಮರೆಯಾಯಿತು. ಒಂದು ಎಳೆ ಹೊಗೆ ಹಿತವಾಗಿ ಮೇಲೆದ್ದಿತು. ಅದೇ ಹೊತ್ತಿಗೆ ಡೀಸೆಲ್ ಪಂಪಿನ ಕಡೆಯಿಂದ ಕಾವಲುಗಾರನೊಬ್ಬ ಮೂಗು ಅರಳಿಸುತ್ತ ಬಂದ.

“ಯಾರೋ ಸಿಗರೇಟು ಹಚ್ಚಿದಾರೆ. ಇಲ್ಲಿ ಸೇದೋ ಹಾಗಿಲ್ಲ. ನೀವೇನಾದ್ರೂ ನೋಡಿದ್ರಾ ಯಜಮಾನ್ರೇ?”

ಸಾಹೇಬರು ಸಮವಸ್ತ್ರದವನನ್ನು ನೋಡಿದರು. ಗುಂಡಿಗಳು ನೆಟ್ಟಗಿದ್ದವು, ಬೂಟು ಫಳಫಳ ಹೊಳೆಯುತ್ತಿತ್ತು. ಅವರು ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಹೊಗೆಗೂ ಅವನಿಗೂ ನಡುವೆ ಅಡ್ಡವಾಗಿ ನಿಂತರು.

“ಆ ಮಂಜುಗಡ್ಡೆ ಕಾರ್ಖಾನೆ ಕಡೆ ಒಬ್ಬ ಹೋದ ಹಾಗಿತ್ತು,” ಎಂದರು. “ಎತ್ತರದ ಮನುಷ್ಯ. ಕೆಂಪು ಅಂಗಿ.”

ಕಾವಲುಗಾರ ಆ ಕಡೆ ಓಡಿದ. ಸಾಹೇಬರು ಅವನ ಬೆನ್ನು ನೋಡುತ್ತ ನಿಂತರು. ಕೆಂಪು ಅಂಗಿಯ ಮಾತು ಬೇಕಿರಲಿಲ್ಲ, ಸ್ವಲ್ಪ ಜಾಸ್ತಿಯಾಯಿತು ಎಂದುಕೊಂಡರು. ಸುಳ್ಳು ಹೇಳುವವರು ಸಿಕ್ಕಿಬೀಳುವುದು ಇಂಥ ಕಡೆಯೇ.

ತಮ್ಮ ಬಲೆಯ ಹಿಂದಿನಿಂದ ಬಂದ. ಬಾಯಲ್ಲಿ ಪೆಪ್ಪರ್‌ಮಿಂಟು ಕಟಕಟ ಎನ್ನುತ್ತಿತ್ತು.

“ಇನ್ನು ಅದ್ಯಾಕೋ?” ಎಂದರು ಸಾಹೇಬರು.

“ಯಾವುದು? ಇದಾ?” ತಮ್ಮ ನಾಚಿಕೊಂಡ. “ಕೈ ತಾನಾಗಿ ಜೇಬಿಗೆ ಹೋಯ್ತು. ನಿನಗೊಂದು ಬೇಕಾ ಅಣ್ಣ?”

ಸಾಹೇಬರು ಅಂಗೈ ಚಾಚಿದರು. ಅಷ್ಟರಲ್ಲಿ ತಮ್ಮನ ಹೆಂಡತಿ ದೂರದಿಂದ ಕೈ ಬೀಸಿ ಕೂಗಿದಳು. ಬಟ್ಟೆ ಒಗೆಸುವ ಅಂಗಡಿ ಸಿಕ್ಕಿತ್ತಂತೆ, ಮುಚ್ಚುವುದರೊಳಗೆ ಬೇಗ ಬರಬೇಕಂತೆ.